ಕೇರಿಯ ಮುಷ್ಟಿ ಹಿಟ್ಟು

ಗದಿಗೆಪ್ಪ ಗಟಾರದೊಳಗೆ ಸತ್ತ. ಅವನನ್ನು ಇಳಿಸಿದವರ ಮೇಲೆ ಕೇಸು ಆಗಲಿಲ್ಲ. ಯಾಕೆ ಇಳಿಸಿದಿರಿ ಎಂದು ಕೇಳಿದ ಮಗನ ಮೇಲೆ ಆಯಿತು.

ಮುಂಬಯಿಯ ವಿಲೆ ಪಾರ್ಲೆಯ ದೊಡ್ಡದೊಂದು ವಸತಿ ಸೊಸೈಟಿಯ ಹಿಂಬದಿ. ಚೇಂಬರಿನ ಮುಚ್ಚಳ ಎತ್ತಿದ ಕೂಡಲೇ ಗದಿಗೆಪ್ಪ ಮೂಗು ಮುಚ್ಚಿಕೊಂಡು ಹಿಂದೆ ಸರಿದಿದ್ದ. ಗ್ಯಾಸ್ ಇದೆ, ಸ್ವಲ್ಪ ಹೊತ್ತು ಬಿಡಿ ಎಂದಿದ್ದ. ಠೇಕೇದಾರ ಇಳಿ ಎಂದ. ಇಳಿಯದಿದ್ದರೆ ನಾಳೆಯಿಂದ ಬರಬೇಡ ಎಂದ. ಗದಿಗೆಪ್ಪ ಇಳಿದ. ಸೊಂಟಕ್ಕೆ ಕಟ್ಟಿದ ಹಗ್ಗ ಎಳೆದಾಗ ಮೇಲೆ ಬಂದದ್ದು ಹೆಣ.

ಶರಣ ಅಪ್ಪನ ಹೆಣವನ್ನು ಸೊಸೈಟಿಯ ಗೇಟಿನ ಮುಂದೆ ಇಟ್ಟುಕೊಂಡು ಕೂತ. ಅವರು ಇದ್ದ ಬಸ್ತಿಯ ನಾಲ್ಕು ಜನ ಜೊತೆಗೆ ಕೂತರು. ಕಾರುಗಳು ಒಳಗೆ ಹೋಗಲಾರದೆ ಹಾರ್ನ್ ಹೊಡೆದವು. ಪೊಲೀಸರು ಬಂದರು. ಅಪ್ಪ ಕುಡಿದಿದ್ದ, ಕಾಲು ಜಾರಿ ಬಿದ್ದ ಅಂತ ಬರೆದುಕೊಟ್ಟು ಮನೆಗೆ ಹೋಗು ಎಂದರು. ಶರಣ ಬರೆದುಕೊಡಲಿಲ್ಲ. ದೊಂಬಿ, ಸರಕಾರಿ ಕೆಲಸಕ್ಕೆ ಅಡ್ಡಿ, ಕಾನ್‌ಸ್ಟೇಬಲ್ ಮೇಲೆ ಹಲ್ಲೆ. ಗದಿಗೆಪ್ಪನಿಗೆ ಮಣ್ಣು ಕೊಡುವಾಗ ಮಗ ಲಾಕಪ್ಪಿನಲ್ಲಿದ್ದ.

ರುದ್ರವ್ವ ಗಂಡನಿಗಾಗಿ ಅತ್ತದ್ದು ಕಡಿಮೆ. ಅಳುವುದಕ್ಕೆ ಪುರಸೊತ್ತು ಸಿಗಲಿಲ್ಲ. ಬೆಳಿಗ್ಗೆ ಎದ್ದು ಚೆಂಬೂರಿನ ಬಿಲ್ಡಿಂಗುಗಳ ಮೆಟ್ಟಿಲು ತೊಳೆಯಬೇಕು. ಮೇಲಿನ ಮಹಡಿಯಿಂದ ಬಗ್ಗಿಕೊಂಡೇ ಇಳಿಯುತ್ತ ಬರಬೇಕು. ಆಮೇಲೆ ಪೊಲೀಸ್ ಸ್ಟೇಷನ್, ಕೋರ್ಟು, ಜೈಲಿನ ಗೇಟು. ಎಲ್ಲ ಕಡೆಯೂ ಹೊರಗೆ ನಿಲ್ಲುವುದು. ಸಾಹೇಬರು ಬಂದಿಲ್ಲ, ಸಾಹೇಬರು ಊಟಕ್ಕೆ ಹೋಗಿದ್ದಾರೆ, ಇವತ್ತು ನಿನ್ನ ಕೇಸು ಬೋರ್ಡಿನ ಮೇಲಿಲ್ಲ. ಮುಂದಿನ ತಾರೀಖು. ಮತ್ತೊಂದು ತಾರೀಖು.

"ಅಕ್ಕಾ, ಗ್ರಾಂಟ್ ರೋಡಿನ್ಯಾಗ ಯಾವುದೋ ಸಮಿತಿ ಐತಂತ. ರೊಕ್ಕ ಇಲ್ಲದವರ ಕೇಸು ನಡಸ್ತಾರಂತ" ಎಂದವಳು ಪಕ್ಕದ ಖೋಲಿಯ ಹಾಲವ್ವ.

"ಫುಕಟ್ ನಡಸಾಕ ಅವರಿಗೇನು ಹುಚ್ಚೇನ?"

"ಹುಚ್ಚೋ ಶಾಣ್ಯಾತನವೋ. ಹೋಗಿ ನೋಡಿ ಬಾ. ಹ್ವಾದ್ರ ಹೋಗೂದು ನಿನ್ನ ಟಿಕೇಟಿನ ರೊಕ್ಕ."

ಹೋದಳು. ಲಾಡ್ಜೊಂದರ ಮೇಲಿನ ಕೋಣೆ. ಕಿಟಕಿಯ ಹೊರಗೆ ಲೋಕಲ್ ಗಾಡಿಗಳ ಸದ್ದು. ಹಕ್ಕು ಸಮಿತಿ ಎಂದರೆ ಅಷ್ಟೇ. ಎರಡು ಟೇಬಲ್ಲು, ಗೋಡೆಯುದ್ದಕ್ಕೂ ಕಡತ, ಮೂಲೆಯಲ್ಲೊಂದು ಗ್ಯಾಸಿನ ಒಲೆ. ವಂದನಾ ಎಂಬ ವಕೀಲೆ ಅದನ್ನು ನಡೆಸುತ್ತಿದ್ದಳು. ಮೂಲ ಧಾರವಾಡ, ಹುಟ್ಟಿದ್ದು ಬೆಳೆದದ್ದು ಮುಂಬಯಿ. ಕನ್ನಡ ಮಾತಾಡುವಾಗ ನಡುನಡುವೆ ಹುಡುಕುತ್ತಿದ್ದಳು. ಶರಣನ ಕಾಗದ ಓದಿ ಮುಗಿಸಿ, "ರುದ್ರಕ್ಕ, ಇದು ಪೂರಾ ಝೂಟಾ ಕೇಸ್. ನಾವು ಲಡಾಯಿ ಮಾಡೋಣ" ಎಂದಳು. ಫೀಸು ಎಷ್ಟು ಎಂದರೆ ಕೈ ಅಲ್ಲಾಡಿಸಿದಳು. "ಜನ ಕೊಡ್ತಾರೆ. ಅದರಲ್ಲೇ ಚಲ್ತದ."

ಆ ಕೋಣೆಯಲ್ಲಿ ಬೀಡ್ ಜಿಲ್ಲೆಯಿಂದ ಬಂದ ಒಬ್ಬಳು ಗೋಡೆಗೆ ಒರಗಿ ಕೂತಿದ್ದಳು. ಅವಳ ಗಂಡನೂ ಒಳಗಿದ್ದ. ಜೈಲಿನಲ್ಲಿ ಅವನ ಭೇಟಿ, ಮುಲಾಕಾತ್, ಸಿಗದೆ ಅಲ್ಲೇ ಉಳಿದವಳು. ಬಿಸ್ಕೀಟನ್ನು ಚಹದಲ್ಲಿ ಅದ್ದಿ ತಿನ್ನುತ್ತಿದ್ದಳು. ಅದೇ ಅವಳ ಊಟ.

ರುದ್ರವ್ವನ ಕಣ್ಣಿಗೆ ಅದು ಚುಚ್ಚಿತು. ಮುಂದಿನ ತಾರೀಖಿಗೆ ಹೋಗುವಾಗ ರೊಟ್ಟಿ ಕಟ್ಟಿಕೊಂಡು ಹೋದಳು. ಅದರ ಮುಂದಿನ ಸಲ ಹಿಟ್ಟು ಒಯ್ದಳು. ಆಮೇಲೆ ಬಸ್ತಿಯಲ್ಲಿ ಮುಷ್ಟಿ ಶುರುವಾಯಿತು.

ಮುಷ್ಟಿ ಹೊಸದಲ್ಲ. ರುದ್ರವ್ವನ ಊರಲ್ಲಿ ಎಲ್ಲ ಹೆಂಗಸರೂ ರೊಟ್ಟಿಗೆ ಎಸರು ಹೊಯ್ಯುವ ಮೊದಲು ಒಂದು ಹಿಡಿ ಹಿಟ್ಟು ತೆಗೆದು ಬೇರೆ ಗಡಿಗೆಗೆ ಹಾಕುತ್ತಿದ್ದರು. ಮಠದ ದಾಸೋಹಕ್ಕೆ. ಮಠದ ಬಂಡಿ ಓಣಿ ಓಣಿ ತಿರುಗಿ ಅದನ್ನು ತುಂಬಿಕೊಂಡು ಹೋಗುತ್ತಿತ್ತು. ಕೇರಿಯ ಬಾಯಿಗೆ ಬಂದಾಗ ಮಾತ್ರ ಎತ್ತುಗಳು ತಿರುಗುತ್ತಿದ್ದವು. ಕೇರಿಯ ಹಿಟ್ಟು ಮಠಕ್ಕೆ ನಡೆಯುತ್ತಿರಲಿಲ್ಲ. ದಾಸೋಹದಲ್ಲಿ ಮಿಕ್ಕದ್ದನ್ನು ಇಸಕೊಳ್ಳಲು ಕೇರಿ ಬೇಕು, ಕೊಡಲು ಬೇಡ.

ಆದರೂ ರುದ್ರವ್ವನ ಅತ್ತೆ ರಾಚವ್ವ ದಿನಾ ಮುಷ್ಟಿ ತೆಗೆಯುತ್ತಿದ್ದಳು. "ಅವರು ಒಯ್ಯಲಿಲ್ಲಂದ್ರ ನಾವು ತೆಗೀಬಾರ್ದೇನ? ನಮ್ಮ ಕೈಯಾಗ ಹಿಡಿ ಇಲ್ಲೇನ?" ಎನ್ನುತ್ತಿದ್ದಳು. ಆ ಹಿಟ್ಟು ಬಾಣಂತಿಗೆ ಹೋಗುತ್ತಿತ್ತು, ಗಂಡ ಬಿಟ್ಟವಳಿಗೆ ಹೋಗುತ್ತಿತ್ತು, ಠಾಣೆಯಲ್ಲಿ ಕೂತವನ ಮನೆಗೆ ಹೋಗುತ್ತಿತ್ತು. ಒಂದೇ ಕಟ್ಟಳೆ. ಮುಷ್ಟಿ ತೆಗೆದ ಹಿಟ್ಟು ತಿರುಗಿ ಮನೆಯ ಡಬ್ಬಿಗೆ ಬೀಳಬಾರದು. ಮಕ್ಕಳು ಹಸಿದು ಅತ್ತರೂ ಬೀಳಬಾರದು. ಕೈಬಿಟ್ಟದ್ದು ಕೈಬಿಟ್ಟಿತು.

ಚೆಂಬೂರಿನ ಈ ಬಸ್ತಿಯವರೆಲ್ಲ ಆ ಕಡೆಯವರೇ. ಊರಲ್ಲಿ ಕೇರಿ ಅನ್ನಿಸಿಕೊಂಡದ್ದು ಇಲ್ಲಿ ಬಸ್ತಿ ಅನ್ನಿಸಿಕೊಂಡಿತ್ತು. ಮನೆಮನೆಯ ಮುಷ್ಟಿ ಒಂದು ಚೀಲಕ್ಕೆ ಬಂತು. ಒಬ್ಬೊಬ್ಬಳದು ಒಂದೊಂದು ಗಿರಣಿಯ ಹಿಟ್ಟು. ಬಿಳಿ ಜೋಳ, ರೇಶನ್ನಿನ ಕೆಂಪು ಜೋಳ, ಹಾಲವ್ವನ ಸಜ್ಜೆ. ಎಲ್ಲ ಕಲೆತು ಯಾವ ಅಂಗಡಿಯಲ್ಲೂ ಸಿಗದ ಒಂದು ಬಣ್ಣ. ಹುಳ ಹಿಡಿಯದಿರಲಿ ಎಂದು ರುದ್ರವ್ವ ಒಣಗಿದ ಬೇವಿನೆಲೆ ಉದುರಿಸುತ್ತಿದ್ದಳು. ಚೀಲ ತಲೆಯ ಮೇಲಿಟ್ಟುಕೊಂಡು ಕುರ್ಲಾದಲ್ಲಿ, ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಹೋಗುತ್ತಿದ್ದಳು. ಲೇಡೀಸ್ ಡಬ್ಬಿಯಲ್ಲಿ ಬೈಗುಳ ತಿನ್ನುತ್ತಿದ್ದಳು. ಮೂಲೆಯ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಜಾಲನಾದವರು, ಸೋಲಾಪುರದವರು, ನಾಂದೇಡದವರು. ಜೈಲಿನ ಗೇಟಿನಿಂದ ಬಂದವರು ಬಿಸಿ ರೊಟ್ಟಿ ತಿಂದು ಮಲಗುತ್ತಿದ್ದರು.

ವಂದನಾ ಒಮ್ಮೆ ಅಂದಿದ್ದಳು, "ರುದ್ರಕ್ಕ, ನೀವು ನಮ್ಮ ಡೋನರ್."

"ಹಂಗಂದ್ರ?"

"ದಾನಿ."

ರುದ್ರವ್ವ ಆ ದಿನ ಊರಿಗೆ ಕೇಳುವ ಹಾಗೆ ನಕ್ಕಿದ್ದಳು. ಬಸ್ತಿಗೆ ಬಂದು ಹಾಲವ್ವನಿಗೆ ಹೇಳಿದಳು. ಹಾಲವ್ವ ಸೆರಗು ಕೊಡವಿಕೊಂಡು ಎದ್ದು ನಿಂತು, "ದಾನಶೂರಿ ಹಾಲವ್ವನವರು ಬಂದ್ರು, ಸರೀರಿ" ಎಂದು ನಲ್ಲಿಯ ಸಾಲಿನಲ್ಲಿ ಮುಂದೆ ನುಗ್ಗಿದಳು. ಬೈಸಿಕೊಂಡು ಹಿಂದೆ ಬಂದಳು.

ಆಮೇಲೆ ಸಮಿತಿಗೆ ಕೊಡುತ್ತಿದ್ದವರ ಮನೆಗೆ ಪೊಲೀಸರ ಫೋನುಗಳು ಹೋಗತೊಡಗಿದವು. ಯಾಕೆ ಕೊಟ್ಟಿರಿ? ಅವರು ಎಂಥವರೆಂದು ಗೊತ್ತೇ? ಒಮ್ಮೆ ಸ್ಟೇಷನ್ನಿಗೆ ಬಂದು ಹೋಗಿ. ರಿಟೈರಾದ ಒಬ್ಬ ಮಾಸ್ತರರು ತಿಂಗಳು ತಪ್ಪದೆ ಕಳಿಸುತ್ತಿದ್ದರು. ಅವರು ಫೋನಿನಲ್ಲಿ ಅತ್ತು, ಇನ್ನು ನನ್ನ ಹೆಸರು ತೆಗೆದುಬಿಡಿ ಎಂದರು. ಒಬ್ಬೊಬ್ಬರೇ ಕೊಡುವುದನ್ನು ನಿಲ್ಲಿಸಿದರು. ಬಸ್ತಿಗೆ ಮಾತ್ರ ಯಾರೂ ಫೋನು ಮಾಡಲಿಲ್ಲ. ಬಸ್ತಿಯವರೂ ಕೊಡುತ್ತಾರೆ ಎಂದು ಪೊಲೀಸರಿಗೂ ಹೊಳೆದಿರಲಿಲ್ಲ.

ಕೋಣೆಯ ಬಾಡಿಗೆ ನಿಂತಿತು. ಮಾಲೀಕ ಬೀಗ ಹಾಕುತ್ತೇನೆಂದ. ಶರಣನ ಜಾಮೀನು ಅರ್ಜಿ ಹೈಕೋರ್ಟಿನಲ್ಲಿ ಕೊನೆಗೂ ಬೋರ್ಡಿನ ಮೇಲೆ ಬಂದಿತ್ತು. ಈಗ ಬೀಗ ಬಿದ್ದರೆ ಕಡತ ಬೀದಿಗೆ, ಅವನು ಒಳಗೇ.

ಆಗ ಧನರಾಜ್ ಸಿಕ್ಕ. ಅದೇ ಗಲ್ಲಿಯ ಕೊನೆಯಲ್ಲಿ ಅವನ ಹೋಟೆಲು. ಉಡುಪಿ ಕಡೆಯವನು. ಪಾತ್ರೆ ತೊಳೆದು ಮೇಲೆ ಬಂದವನು. ಧನರಾಜ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ರುದ್ರವ್ವನ ಕೆಲಸ ಸುಲಭವಾಗುತ್ತಿತ್ತು.

"ನಮ್ಮ ಹೋಟೆಲಿನವರು ಕೊಡುವವರು ಉಂಟು ಮಾರಾಯ್ರೆ" ಎಂದ ಅವನು ಸಮಿತಿಯ ಕೋಣೆಯಲ್ಲಿ ಕೂತು. "ಆದ್ರೆ ಅವರಿಗೆ ಕಣ್ಣಿಗೆ ಕಾಣ್ಬೇಕು. ಕಾನೂನು, ಹಕ್ಕು ಅಂದ್ರೆ ಯಾರಿಗೆ ಅರ್ಥ ಆಗ್ತದೆ? ಒಬ್ಬ ತಾಯಿ ಕಂಡ್ರೆ ಅರ್ಥ ಆಗ್ತದೆ. ನನ್ನ ಹೋಟೆಲಿನ ಮೇಲಿನ ಹಾಲ್‌ನಲ್ಲಿ ಒಂದು ಕಾರ್ಯಕ್ರಮ ಮಾಡುವ. ಈ ಅಮ್ಮನನ್ನು ಕರೆಯುವ. ಒಂದು ಕಿಟ್ ಕೊಡುವ, ಫೋಟೋ ತೆಗೆಯುವ. ಒಂದು ವರ್ಷದ ಖರ್ಚು ಅಲ್ಲೇ ಎದ್ದು ಬರ್ತದೆ. ನನ್ನ ಗ್ಯಾರಂಟಿ."

ಒಲೆಯ ಮುಂದೆ ಕೂತಿದ್ದ ರುದ್ರವ್ವ ಬಡಿಯುವುದನ್ನು ನಿಲ್ಲಿಸಿದಳು. ಧನರಾಜ್ ಅವಳ ಕಡೆ ತಿರುಗಿದ.

"ಅಮ್ಮ, ಒಂದು ವಿಷಯ. ಗಂಡ ತೀರಿಕೊಂಡ್ರು ಅಂತ ಹೇಳಿ ಸಾಕು. ಗಟಾರದ ವಿಷಯ ಬೇಡ. ನಮ್ಮವರೆಲ್ಲ ಹೋಟೆಲಿನವರು. ಎಲ್ಲರಿಗೂ ಗಟಾರ ಉಂಟು, ಎಲ್ಲರಿಗೂ ಠೇಕೇದಾರ ಉಂಟು. ಸುಮ್ಮನೆ ಬೇಜಾರು ಮಾಡ್ಕೊಳ್ತಾರೆ."

ರುದ್ರವ್ವ ವಂದನಾಳ ಮುಖ ನೋಡಿದಳು. ವಂದನಾ ಕಿಟಕಿ ನೋಡಿದಳು.

"ಮತ್ತೆ ಈ ರೊಟ್ಟಿ, ಹಿಟ್ಟಿನ ವಿಷಯವೂ ಬೇಡ. ನೀವೇ ಕೊಡ್ತೀರಿ ಅಂತ ಗೊತ್ತಾದ್ರೆ ಅವರು ಯಾಕೆ ಕೊಡ್ತಾರೆ? ಕೊಡುವವರು ಬೇರೆ, ತಗೊಳ್ಳುವವರು ಬೇರೆ. ಹಾಗೆ ಇದ್ರೇ ಚಂದ."

ಅವನು ಹೋದ ಮೇಲೆ ಹೆಂಚಿನ ಮೇಲಿನ ರೊಟ್ಟಿ ಸೀದು ಹೋಗಿತ್ತು.

"ವಕೀಲಬಾಯಿ, ನಾವು ಕೊಟ್ಟಿದ್ದು ಕೊಟ್ಟಂಗ ಅಲ್ಲೇನು?"

"ಕೊಟ್ಟಂಗೇ ರುದ್ರಕ್ಕ. ಮಗರ್..." ವಂದನಾ ಹಣೆ ಒತ್ತಿಕೊಂಡಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. "ಒಂದು ದಿನದ ಮಾತು. ನನಗೂ ಚಲೋ ಅನ್ನಿಸಿಲ್ಲ. ಆದರೆ ಬೀಗ ಬಿದ್ದರೆ ಶರಣನ ಕೇಸಿಗೆ ನಿಲ್ಲೋರು ಯಾರು? ನನ್ನ ಹತ್ರ ಬೇರೆ ರಸ್ತಾ ಇಲ್ಲ."

ರುದ್ರವ್ವ ಹೂಂ ಎಂದಳು. ಮಗನ ಸಲುವಾಗಿ ಹೂಂ ಎಂದಳು. ಸೀದ ರೊಟ್ಟಿಯನ್ನು ಹೆಂಚಿನಿಂದ ಕೆರೆದು ತೆಗೆದಳು.

ಬಸ್ತಿಯಲ್ಲಿ ಹಾಲವ್ವ ಕೇಳಿ ಉಗುಳಿದಳು. "ಮೊದಲ ಮಠದ ಎತ್ತು ತಿರುಗ್ತಿದ್ದುವು. ಈಗ ಕಾರು ತಿರುಗತಾವ. ಹೋಗಬೇ, ಹೋಗಿ ಇಸ್ಕೊಂಡ ಬಾ."

"ಬೈಯಬ್ಯಾಡಲೇ. ನನ್ನ ಹೊಟ್ಟಿಗಿ ಬೆಂಕಿ ಬಿದ್ದೈತಿ."

"ನಿನಗ ಬೈಲಿಲ್ಲವಾ" ಎಂದು ಹಾಲವ್ವ ತಣ್ಣಗಾದಳು. "ಯಾರಿಗೆ ಬೈಯಬೇಕಂತ ಗೊತ್ತಾಗವಲ್ದು, ಅದಕ್ಕ."

ಕಾರ್ಯಕ್ರಮದ ದಿನ ರುದ್ರವ್ವ ಹೊಸ ಸೀರೆ ಉಟ್ಟು ಹೋದಳು. ಶರಣ ಮೊದಲ ಪಗಾರದಲ್ಲಿ ತಂದಿದ್ದ ಸೀರೆ. ಹೋಟೆಲಿನ ಮೆಟ್ಟಿಲ ಹತ್ತಿರ ಅನಿಕೇತ್ ನಿಂತಿದ್ದ. ಸಮಿತಿಗೆ ಪುಕ್ಕಟೆ ಕೆಲಸ ಮಾಡಲು ಬರುವ ಕಾಲೇಜು ಮುಗಿಸಿದ ತರುಣ. ಬೆಳಗಾವಿ ಕಡೆಯವನೇ, ಕನ್ನಡ ಅರ್ಥವಾಗುತ್ತಿತ್ತು, ನಾಲಗೆಗೆ ಹಿಂದಿ ಬೆರೆತೇ ಬರುತ್ತಿತ್ತು. ಒಳ್ಳೆಯವನು. ಕಾರ್ಯಕ್ರಮದ ಓಡಾಟವೆಲ್ಲ ಅವನದೇ.

"ಅರೇ ಆಂಟಿ, ನಯೀ ಸಾಡಿ?" ಎಂದು ತಲೆ ಕೆರೆದುಕೊಂಡ. "ಧನರಾಜ್ ಸರ್ ಹೇಳಿದ್ರು, ಥೋಡಾ ಹಳೇದು ಇದ್ರೆ..."

"ಇದನ್ನ ಬಿಚ್ಚಿ ಬರಲೇನಪಾ?"

ಅವನು ಕೆಂಪಾಗಿ ದಾರಿ ಬಿಟ್ಟ.

ಈ ಹೋಟೆಲು ರುದ್ರವ್ವನಿಗೆ ಗೊತ್ತಿತ್ತು. ಹಿಂದಿನ ಬಾಗಿಲು ಗೊತ್ತಿತ್ತು. ಅಡುಗೆಮನೆಯ ಜಿಡ್ಡು ಕಟ್ಟಿಕೊಂಡು ಗಟಾರ ತುಂಬಿದಾಗ ಗದಿಗೆಪ್ಪ ಬಂದು ತೋಡುತ್ತಿದ್ದ. ಕೆಲಸ ಮುಗಿದ ಮೇಲೆ ಇಡ್ಲಿ ಕೊಡುತ್ತಿದ್ದರಂತೆ, ಕಾಗದದಲ್ಲಿ ಸುತ್ತಿ, ದೂರದಿಂದ. ಅವನು ಅದನ್ನು ಬಿಚ್ಚದೆ ಮನೆಗೆ ತರುತ್ತಿದ್ದ. ಮುಂದಿನ ಬಾಗಿಲಿನಿಂದ ಅವನ ಮನೆಯವರು ಯಾರೂ ಒಳಗೆ ಬಂದದ್ದು ಇವತ್ತೇ ಮೊದಲು.

ಹಾಲಿನಲ್ಲಿ ಎಸಿ. ಕುರ್ಚಿಗಳಿಗೆ ಬಿಳಿ ಬಟ್ಟೆ. ಸೂಟು ಹಾಕಿದವರು, ಮಲ್ಲಿಗೆ ಮುಡಿದವರು. ಮುಂದಿನ ಸಾಲಿನಲ್ಲಿ ರುದ್ರವ್ವನನ್ನು ಕೂರಿಸಿದರು. ಆಚೆ ಈಚೆ ಯಾರೂ ಕೂರಲಿಲ್ಲ. ಧನರಾಜ್ ಮೈಕಿನಲ್ಲಿ ಮಾತಾಡಿದ. ಚೆನ್ನಾಗಿಯೇ ಮಾತಾಡಿದ. ತಪ್ಪಿಲ್ಲದವರು ಜೈಲಿನಲ್ಲಿ ಕೊಳೆಯಬಾರದು ಎಂದ. ಇವತ್ತು ಅವರ ಮಗ, ನಾಳೆ ನಮ್ಮ ಮಗ ಎಂದ. ಜನ ತಲೆಯಾಡಿಸಿದರು. "ಈ ತಾಯಿಯ ಪತಿ ಒಂದು ಅಪಘಾತದಲ್ಲಿ ತೀರಿಕೊಂಡರು" ಎಂದ. ರುದ್ರವ್ವ ಕಾಲ ಹೆಬ್ಬೆರಳನ್ನು ನೆಲಕ್ಕೆ ಒತ್ತಿ ಹಿಡಿದಳು. ಒಂದು ಮಾತು. ಹೋಗಲಿ. ಶರಣ ಹೊರಗೆ ಬರಲಿ.

ಹೆಸರು ಕರೆದರು. ವೇದಿಕೆ ಹತ್ತಿದಳು. ಮೆಟ್ಟಿಲು ಅವಳಿಗೆ ಹೊಸದಲ್ಲ. ತೊಳೆಯದೆ ಹತ್ತಿದ್ದು ಹೊಸದು.

"ಆಂಟಿ, ಇಧರ್, ಕ್ಯಾಮೆರಾ ನೋಡಿ" ಎಂದ ಅನಿಕೇತ್ ಕೆಳಗಿನಿಂದ. "ಸ್ಮೈಲ್ ಬೇಡ. ಸೀರಿಯಸ್. ಹಾಂ, ಪರ್ಫೆಕ್ಟ್."

ಧನರಾಜ್ ಕಿಟ್ಟು ಎತ್ತಿಕೊಂಡ. ಕೆಂಪು ರಿಬ್ಬನ್ ಕಟ್ಟಿದ ಬುಟ್ಟಿ. ಎಣ್ಣೆ, ಸಕ್ಕರೆ, ಚಹಪುಡಿ, ಸಾಬೂನು. ನಡುವೆ ನೆಟ್ಟಗೆ ನಿಂತ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಿಟ್ಟು. ಅದರ ಮೇಲೆ ಹೋಟೆಲಿನ ಹೆಸರಿನ ಚೀಟಿ.

ರುದ್ರವ್ವ ಹಿಟ್ಟು ನೋಡಿದಳು.

ಬಿಳಿಯಲ್ಲ, ಕೆಂಪಲ್ಲ. ಅಲ್ಲಲ್ಲಿ ಸಜ್ಜೆಯ ಬೂದು. ಚೀಲದ ಒಳಮೈಗೆ ಅಂಟಿಕೊಂಡು ಒಂದು ಬೇವಿನೆಲೆ.

"ಅನಿಕೇತಾ" ಎಂದಳು. ಮೈಕು ಹತ್ತಿರವಿತ್ತು. ಹಾಲಿಗೆಲ್ಲ ಕೇಳಿಸಿತು. "ಈ ಹಿಟ್ಟು ಎಲ್ಲೀದು?"

"ಆಂಟಿ?"

"ಎಲ್ಲಿಂದ ತಗೊಂಡಿ?"

"ವೋ... ಆಫೀಸಿನಿಂದ" ಎಂದ ಅವನು. "ಕಿಟ್ಟಿಗೆ ಆಟಾ, ಹಿಟ್ಟು, ಕಡಿಮೆ ಬಿತ್ತು. ಕಾರ್ನರಲ್ಲಿ ಚೀಲ ಇತ್ತಲ್ಲ. ಡೊನೇಶನ್ ಕಾ ಹೀ ಥಾ ನಾ? ಅದನ್ನೇ ಪ್ಯಾಕ್ ಮಾಡಿದೆ."

ಅವನು ಸುಳ್ಳು ಹೇಳಲಿಲ್ಲ. ದಾನದ ಹಿಟ್ಟು ಬಡವರಿಗೆ ಹೋಗಬೇಕು. ಬಡವರು ಎದುರಿಗಿದ್ದರು. ಅದು ಎತ್ತಣಿಂದ ಬಂತೆಂದು ಅವನ ತಲೆಗೆ ಬಂದಿರಲೇ ಇಲ್ಲ. ರುದ್ರವ್ವ ಆ ಚೀಲ ಹೊತ್ತು ತಂದು ಮೂಲೆಗೆ ಇಳಿಸುವುದನ್ನು ಅವನು ಎಷ್ಟು ಸಲ ನೋಡಿದ್ದ. ನೋಡಿದ್ದ, ಅಷ್ಟೇ.

"ಎಂತ ಆಯ್ತು ಅಮ್ಮ?" ಧನರಾಜ್ ಹಲ್ಲು ಕಚ್ಚಿಕೊಂಡೇ ನಗುತ್ತಿದ್ದ. ಬುಟ್ಟಿ ಕೈಯಲ್ಲೇ ಇತ್ತು. "ಕೈ ಮುಂದೆ ಮಾಡಿ."

"ಸಾವಕಾರ್ರ, ಇದು ನಮ್ಮ ಹಿಟ್ಟು."

"ಹೌದಮ್ಮ, ಈಗ ನಿಮ್ಮದೇ. ತಗೊಳ್ಳಿ."

"ಈಗಲ್ಲರಿ. ಮೊದಲಿಂದ."

ಹಾಲಿನಲ್ಲಿ ಯಾರೋ ನಕ್ಕರು. ಯಾರೋ ಉಶ್ ಎಂದರು. ವಂದನಾ ವೇದಿಕೆಯ ಮೆಟ್ಟಿಲ ತನಕ ಬಂದಳು.

"ರುದ್ರಕ್ಕ, ಆಮೇಲೆ ಮಾತಾಡೋಣ. ಈಗ ತಗೊಳ್ಳಿ. ಪ್ಲೀಸ್. ಶರಣ..."

ಶರಣ. ಜೈಲಿನ ಗಾಜಿನ ಆಚೆ ಅವನು ಫೋನು ಹಿಡಿದು ಕೂರುತ್ತಾನೆ. ಊಟ ಮಾಡಿದೇನವಾ ಎಂದು ಅವನೇ ಕೇಳುತ್ತಾನೆ. ಕಳೆದ ಸಲ ಅವನ ಕೆನ್ನೆಯ ಎಲುಬು ಕಾಣುತ್ತಿತ್ತು. ಕೈ ಚಾಚಿದರೆ ಮುಗಿಯಿತು. ಒಂದು ಫೋಟೋ. ಹೊಸ ಸೀರೆಯ ಸೆರಗಿನಲ್ಲಿ ಬುಟ್ಟಿ ಹಿಡಿದುಕೊಂಡು ಕೆಳಗಿಳಿದು, ಬಸ್ತಿಗೆ ಹೋಗಿ, ಹಾಲವ್ವನ ಸಜ್ಜೆಯನ್ನು ಹಾಲವ್ವನಿಗೇ ತೋರಿಸುವುದು. ಸಾವಕಾರರು ಕೊಟ್ಟರು ಎನ್ನುವುದು. ಅಷ್ಟೇ.

ಅವನೂ ಬರೆದುಕೊಟ್ಟಿದ್ದರೆ ಮುಗಿಯುತ್ತಿತ್ತು. ಅಪ್ಪ ಕುಡಿದಿದ್ದ. ಅಷ್ಟೇ.

ಅವಳ ಕೈ ಎರಡೂ ಪಕ್ಕದಲ್ಲೇ ಉಳಿದವು.

"ವಕೀಲಬಾಯಿ, ಮಠದವರು ನಮ್ಮ ಮುಷ್ಟಿ ಒಯ್ಯಲಿಲ್ಲ. ಹೋಗಲಿ, ಅವರು ಒಯ್ಯಲಿಲ್ಲ ಅಷ್ಟ. ತಮ್ಮ ಹೆಸರು ಹಚ್ಚಿ ನಮಗ ತಿರುಗಿ ನೀಡಲಿಲ್ಲ." ಅವಳು ಧನರಾಜನ ಕಡೆ ತಿರುಗಿದಳು. "ನೀವು ಅಂದ್ರಿ, ಗಟಾರ ಅನ್ನಬ್ಯಾಡಂತ. ಅನ್ನಲಿಲ್ಲ. ರೊಟ್ಟಿ ಸುದ್ದಿ ತಗೀಬ್ಯಾಡ ಅಂದ್ರಿ. ತಗೀಲಿಲ್ಲ. ಹಳೇ ಸೀರಿ ಉಡು ಅಂದ್ರಿ. ಇನ್ನ ಏನೇನು ಬಿಚ್ಚಲಿ?"

"ಮೈಕ್ ಆಫ್ ಮಾಡು ಮಾರಾಯ" ಎಂದ ಧನರಾಜ್ ಮೆಲ್ಲಗೆ ಯಾರಿಗೋ. ಮೈಕು ಹಿಡಿದವನಿಗೆ ಗುಂಡಿ ಸಿಗಲಿಲ್ಲ.

ರುದ್ರವ್ವ ಬುಟ್ಟಿಯೊಳಗೆ ಕೈ ಹಾಕಿದಳು. ಹಿಟ್ಟಿನ ಚೀಲ ಎತ್ತಿ, ಚೀಟಿ ಕಿತ್ತಳು. ಅಂಟು ಗಟ್ಟಿಯಿತ್ತು, ಉಗುರಿನಿಂದ ಕೆರೆದು ಕಿತ್ತಳು. ಚೀಟಿಯನ್ನು ಬುಟ್ಟಿಗೆ ಹಾಕಿದಳು. ಚೀಲವನ್ನು ವಂದನಾಳ ಕಡೆ ಚಾಚಿದಳು.

"ಇದು ನಿಮ್ಮದು. ಒಯ್ದು ಮೂಲ್ಯಾಗ ಇಡ್ರಿ. ನಾಳಿ ನಾಂದೇಡದವರು ಬರ್ತಾರ. ರೊಟ್ಟಿ ಬಡಿತೀನಿ. ಕೋಣಿಗೆ ಬೀಗ ಹಾಕಿದ್ರ ಮೆಟ್ಟಲ ಮ್ಯಾಲ ಬಡಿತೀನಿ. ಕೋರ್ಟಿನ ಮುಂದ ಬಡಿತೀನಿ. ಆದ್ರ ಇದನ್ನ ಇಸ್ಕೊಳ್ಳಂಗಿಲ್ಲ."

ವಂದನಾಳ ಕೈ ಚೀಲದ ಕಡೆ ಬಂತು. ಅರ್ಧಕ್ಕೆ ನಿಂತಿತು. ಹಿಂದಿನ ಸಾಲಿನಲ್ಲಿ ಕುರ್ಚಿಗಳು ಸರಿದವು. ಸೂಟಿನವನೊಬ್ಬ ಎದ್ದು ಹೆಂಡತಿಯ ಭುಜ ಮುಟ್ಟಿ ಬಾಗಿಲ ಕಡೆ ನಡೆದ. ಇನ್ನೊಬ್ಬ ಎದ್ದ. ವಂದನಾ ಅವರನ್ನು ನೋಡಿದಳು. ಒಂದು ವರ್ಷದ ಖರ್ಚು ಎದ್ದು ಹೋಗುತ್ತಿತ್ತು. ಆಮೇಲೆ ಅವಳು ಚೀಲ ಹಿಡಿದುಕೊಂಡಳು. ಎರಡೂ ಕೈಯಿಂದ ಹಿಡಿದುಕೊಂಡಳು.

ಧನರಾಜನ ಮುಖದಲ್ಲಿ ನಗು ಉಳಿದಿರಲಿಲ್ಲ.

"ಆಯ್ತು. ಆಯ್ತಮ್ಮ. ನಿಮಗೆ ಒಳ್ಳೇದು ಮಾಡ್ಲಿಕ್ಕೆ ಬಂದದ್ದೇ ನನ್ನ ತಪ್ಪು. ಸಾಕು. ಇನ್ನು ಕೆಳಗೆ ಇಳೀರಿ."

ರುದ್ರವ್ವ ಮೈಕಿನ ಕೋಲನ್ನು ಹಿಡಿದಳು. ಬಿಲ್ಡಿಂಗಿನ ಪೊರಕೆಗಿಂತ ಹಗುರವಾಗಿತ್ತು.

"ನನ್ನ ಗಂಡ ತೀರಿಕೊಂಡಿಲ್ಲ" ಎಂದಳು. "ಗ್ಯಾಸ್ ಐತಿ ಅಂದ ಅಂವ. ಇಳಿ ಅಂದ್ರು. ಇಳಿದ. ಗಟಾರದಾಗ ಸತ್ತ. ಅಂವನ ಹೆಸರು ಗದಿಗೆಪ್ಪ. ನಿಮ್ಮ ಹಿಂದಿನ ಬಾಗಲದ ಗಟಾರ ತೋಡಿದಾಂವ."

ಬಾಗಿಲ ತನಕ ಹೋದವರು ಅಲ್ಲೇ ನಿಂತರು. ಅನಿಕೇತ್ ಕ್ಯಾಮೆರಾ ಕೆಳಗೆ ಇಳಿಸಿದ್ದ. ಧನರಾಜ್ ಅವಳ ತೋಳು ಹಿಡಿಯಲು ಬಂದವನು, ಮುಟ್ಟದೆ, ಕೈಯಿಂದ ಮೆಟ್ಟಿಲು ತೋರಿಸಿದ.

"ಇಳೀರಿ ಅಂದೆ."

"ಇಳಿಯಂಗಿಲ್ಲ" ಎಂದಳು ರುದ್ರವ್ವ.